ಹಸೆಮಣೆಯಿಂದ ಎದ್ದ ಗಂಡು

ತಮ್ಮ ಉದ್ಯೋಗವನ್ನು ಒಂದೇ ಮಾತಿನಲ್ಲಿ ಹೇಳಬಲ್ಲವರು ಪುಣ್ಯವಂತರು. ಮೇಷ್ಟ್ರು, ಕಂಡಕ್ಟರ್ ಎಂದರೆ ಮುಗಿಯಿತು, ಹೆಣ್ಣು ಕೊಡುತ್ತಾರೆ. ನಾನೋ ಐವತ್ತರ ದಶಕದ ಕೊನೆಯಲ್ಲಿ ಅಂತರಸಂತೆಯ ಆಚೆ ಒಂದು ಹೆಂಚಿನ ಷೆಡ್ಡಿನಲ್ಲಿ, ನಮ್ಮ ಪ್ರೊಫೆಸರರ ಕೈಕೆಳಗೆ ಸೂರ್ಯನನ್ನು ಕೇಳುತ್ತಿದ್ದೆ. ನೋಡುವುದಲ್ಲ, ಕೇಳುವುದು. ಸೂರ್ಯ ಆಗಾಗ ರೇಡಿಯೋ ಅಲೆಗಳಲ್ಲಿ ಅಬ್ಬರಿಸುತ್ತಾನೆ. ಆ ಅಲೆಗಳು ಎಡಕ್ಕೆ ತಿರುಚಿಕೊಂಡಿವೆಯೋ ಬಲಕ್ಕೋ ಎಂದು ಹಿಡಿದು, ಅವನ ಸುತ್ತಲಿನ ಪ್ರಭೆಯಲ್ಲಿ ಅಯಸ್ಕಾಂತದ ಬಲ ಎಷ್ಟಿದೆಯೆಂದು ಊಹಿಸಬೇಕು. ಇದನ್ನು ಹೆಣ್ಣಿನ ತಂದೆಗೆ ಹೇಳುವುದು ಹೇಗೆ?

ಭೇರ್ಯದಿಂದ ನನ್ನನ್ನು ನೋಡಲು ಬಂದ ಪುಟ್ಟೇಗೌಡರು ಬಿದಿರಿಗೆ ಬಿಗಿದಿದ್ದ ನಮ್ಮ ತಂತಿಗಳನ್ನು ಕಂಡು, "ಬಟ್ಟೆ ಒಣಾಕಕಾ?" ಎಂದರು. ಬೆವರುತ್ತಾ ಎಲ್ಲವನ್ನೂ ವಿವರಿಸಿದೆ.

"ಅಳ್ದಾಯ್ತಾ?"

"ಇನ್ನೂ ಇಲ್ಲ."

"ಯಾವಾಗ ಆಯ್ತದೆ?"

"ಹೇಳೋಕಾಗಲ್ಲ."

ಗೌಡರ ಮುಖ ಅರಳಿತು. "ಅಂಗಾರೆ ಸರ್ಕಾರಿ ಕೆಲ್ಸವೇ ಬುಡಿ!" ಎಂದು ಮಗಳು ಜಯಮ್ಮನನ್ನು ಕೊಡಲು ಒಪ್ಪಿಬಿಟ್ಟರು.

ಮದುವೆಯ ಚಪ್ಪರದಲ್ಲಿ ಬೀಗರ ಕಡೆಯವರ ಬ್ಯಾಟರಿ ರೇಡಿಯೋ ಹಾಡುತ್ತಿತ್ತು. ಪುರೋಹಿತರು ನನ್ನ ಕೈಗೆ ತಾಳಿ ಕೊಟ್ಟರು. ವಾಲಗದವರು ಗಟ್ಟಿಮೇಳಕ್ಕೆ ಉಸಿರೆಳೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಹಾಡು ಸತ್ತು, ರೇಡಿಯೋ ತುಂಬ 'ಸುಯ್ಯ್' ಎಂಬ ಭೋರ್ಗರೆತ. ನೆತ್ತಿಯ ಮೇಲೆ ಸೂರ್ಯ, ಅಬ್ಬರಿಸುತ್ತಿರುವವನು ಅವನೇ! ಮುಂದಿನ ಸಾಲಿನಲ್ಲಿದ್ದ ಪ್ರೊಫೆಸರರು ದಡಕ್ಕನೆ ಎದ್ದರು. ತಾಳಿ ಹಿಡಿದುಕೊಂಡೇ ನಾನೂ ಎದ್ದೆ.

"ಹಿಡ್ಕಳ್ರಲಾ, ಗಂಡು ಓಯ್ತಾವ್ನೆ!" ಎಂದು ಮಾವನವರು ಕೂಗಿದರು. ಮುಹೂರ್ತ ಮೀರುತ್ತಿತ್ತು, ಊರಿಗೆ ಊರೇ ನೋಡುತ್ತಿತ್ತು. ಆಗ ಯಾರೋ ನನ್ನ ಶಲ್ಯದ ಚುಂಗು ಜಗ್ಗಿದರು. ಜಯಮ್ಮ! ತಲೆ ಎತ್ತದೆಯೇ, "ಮೂರು ಗಂಟಾಕ್ಬುಟ್ಟು ಎಲ್ಲಿಗಾರಾ ಓಗಿ. ಸೂರ್ಯ ಎಲ್ಲೂ ಓಗಕಿಲ್ಲ" ಎಂದಳು. ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಕುಳಿತೆ. ಅಷ್ಟು ಬೇಗ ತಾಳಿ ಕಟ್ಟಿದವರನ್ನು ತಾವು ಕಂಡಿಲ್ಲವೆಂದು ಪುರೋಹಿತರು ಆಮೇಲೆ ಹೇಳಿದರಂತೆ.

ಅಕ್ಷತೆ ಉದುರಿಸುತ್ತಾ ರೇಡಿಯೋ ಬಳಿಗೆ ಓಡಿದೆ. ಪ್ರೊಫೆಸರರು ಪೆಟ್ಟಿಗೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದರು. ನಾನೂ ಇನ್ನೊಂದು ಕಡೆಯಿಂದ ಪೆಟ್ಟಿಗೆಯನ್ನು ತಬ್ಬಿ ಕಿವಿಯಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣು ತೆರೆದು, ಪೆಟ್ಟಿಗೆಯ ಹಿಂದೆ ಕೈಯಾಡಿಸಿ, "ಏರಿಯಲ್ ಎಲ್ಲಯ್ಯಾ?" ಎಂದರು. ಜಾರಿದ ಮಾವಿನ ತೋರಣ ಬಿಗಿಯಲು ಯಾರೋ ಪುಣ್ಯಾತ್ಮರು ಆ ತಂತಿಯನ್ನೇ ಕಿತ್ತುಕೊಂಡಿದ್ದರು; ಸುಯ್ಯೆಂದದ್ದು ಸೂರ್ಯನಲ್ಲ.

ಫೋಟೋದವನು ಕ್ಲಿಕ್ಕಿಸಿದ್ದು ಸರಿಯಾಗಿ ಆಗಲೇ. ನಮ್ಮ ಮದುವೆಯ ಆ ಒಂದೇ ಫೋಟೋವನ್ನು ಬಂದವರಿಗೆಲ್ಲ ತೋರಿಸುತ್ತಾ ಜಯಮ್ಮ ಹೇಳುತ್ತಾಳೆ: "ಹಾರ ಹಾಕ್ಕಂಡಿರೋರು ನಮ್ಮನೆಯೋರು. ಅವರು ತಬ್ಕೊಂಡಿರೋದು ಅವರ ಮೊದಲ್ನೇ ಸಂಸಾರ." ನಾನು ಆಕ್ಷೇಪಿಸುವುದಿಲ್ಲ. ಫೋಟೋದಲ್ಲಿರುವ ನನ್ನ ಮುಖ ಅವಳ ಪರವಾಗಿಯೇ ಸಾಕ್ಷಿ ಹೇಳುತ್ತದೆ.