ರೈಟರ ಪಿಎಫ್, ಹೆಂಡತಿಯ ಓಟಿಪಿ

ಮಾನ ಹೋಗುವುದಾದರೆ ಒಂದೇ ಸಲ ಹೋಗಿಬಿಡಬೇಕು. ನನ್ನದು ಮಾತ್ರ ಕಂತಿನಲ್ಲೇ ಹೋಗುವುದು. ಮೂಡಿಗೆರೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ಅಂದರೆ ಆಳುಗಳ ಹಾಜರಿ ಬರೆಯುವವನು. ಧಣಿಗಳು ತೋಟ ಮಾರಿದರು, ಕೊಂಡವರು ರೆಸಾರ್ಟ್ ಮಾಡುತ್ತೇವೆ ಅಂದರು, ನನ್ನನ್ನು ಮನೆಗೆ ಕಳಿಸಿದರು. ಹೆಂಡತಿಗೆ ಹೇಳೋಕೆ ನಾಲಿಗೆ ಏಳಲಿಲ್ಲ. ಪಿಎಫ್ ತೆಗೆದು, ಬೇರೆ ಕೆಲಸ ಸಿಗೋವರೆಗೆ ಅದನ್ನೇ ಸಂಬಳ ಅಂತ ಕೊಡೋಣ ಅಂದುಕೊಂಡೆ. ಎಂಥಾ ಬುದ್ಧಿ ನೋಡಿ!

ಮಳೆಯಲ್ಲಿ ಪಾರ್ಚ್‌ಮೆಂಟ್

ದಿನಾ ಬೆಳಿಗ್ಗೆ ಬುತ್ತಿ ಹಿಡಿದು ಕೆಲಸಕ್ಕೆ ಹೊರಟವನ ಹಾಗೆ ಹೊರಟು ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತಿದ್ದೆ. ಕೆಲಸ ಇಲ್ಲದವನಿಗೆ ವಾರ ಯಾವುದು? ಒಂದು ದಿನ ಚಪ್ಪಲಿ ಮೆಟ್ಟುವಾಗ ಹೆಂಡತಿ ಕೇಳಿದಳು, "ಇವತ್ತು ಭಾನುವಾರ ಅಲ್ವಾ?"

"ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಒಣಗಕ್ಕೆ ಹಾಕಿದ್ದಾರೆ. ತಿರುವಿ ಹಾಕಿಸ್ಬೇಕು."

ಪಾರ್ಚ್‌ಮೆಂಟ್ ಅಂದರೆ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಬಿಸಿಲಿಗೇ ಒಣಗಬೇಕು. ಹೇಳಿದ ಮೇಲೆ ಹೊರಗೆ ನೋಡಿದೆ. ಆಷಾಢದ ಮಳೆ ಧೋ ಅಂತ ಸುರಿಯುತ್ತಿತ್ತು. ಅವಳು ಒಳಗೆ ಹೋಗಿ ಎರಡು ಕೊಡೆ ತಂದಳು.

"ಒಂದು ನಿಮಗೆ, ಒಂದು ಪಾರ್ಚ್‌ಮೆಂಟಿಗೆ."

ರೆಗ್ಯುಲೇಟರ್

ಗುರುತಿನವರು ಸಿಗಬಾರದು ಅಂತ ಬಣಕಲ್ಲಿನ ಸೈಬರ್ ಅಂಗಡಿಗೆ ಹೋದೆ. ಅಂಗಡಿಯ ಭಾಯಿ ಪಿಎಫ್ ಅರ್ಜಿ ತುಂಬಿಸಿ "ಓಟಿಪಿ ಹೇಳಿ" ಅಂದರು. ಆಗಲೇ ನನಗೆ ನೆನಪಾಗಿದ್ದು. ತೋಟದಲ್ಲಿ ಟವರ್ ಸಿಗಲ್ಲ ಅಂತ ಎಲ್ಲದಕ್ಕೂ ಮನೆಯವಳ ನಂಬರೇ ಕೊಟ್ಟಿದ್ದೆ! ಬೇರೆ ದಾರಿ ಇಲ್ಲದೆ ಅವಳಿಗೇ ಫೋನ್ ಮಾಡಿದೆ.

"ಒಂದು ನಂಬರ್ ಬಂದಿರತ್ತೆ, ಹೇಳೇ. ಗ್ಯಾಸ್ ಸಬ್ಸಿಡಿಗೆ."

ಹೇಳಿದಳು. ಭಾಯಿ ಮತ್ತೊಂದು ಕೇಳಿದರು. ಮತ್ತೆ ಫೋನ್.

"ಇದೂ ಗ್ಯಾಸಿಗಾ?"

"ಇದು... ರೆಗ್ಯುಲೇಟರಿಗೆ."

ಭಾಯಿ ನಗು ತಡೆಯಲಾಗದೆ ಮೇಜಿನ ಕೆಳಗೆ ಬಗ್ಗಿ ಇಲ್ಲದ ಪೆನ್ನು ಹುಡುಕತೊಡಗಿದರು.

ನನ್ನ ಕಾದಂಬರಿ

ಅರ್ಜಿ ವಾಪಸ್ ಬಂತು, ಹೆಸರಿನಲ್ಲಿ ಒಂದಕ್ಷರ ತಪ್ಪು. ತೋಟದ ಪಿಎಫ್ ಪಟ್ಟಿಯಲ್ಲಿ ಎಲ್ಲರ ಹೆಸರು ಸರಿಯಾಗಿ ಬರೆದವನು ನನ್ನದನ್ನೇ ತಪ್ಪು ಬರೆದಿದ್ದೆ. ನಾಚಿಕೆಯಿಂದಲೇ ಚಿಕ್ಕಮಗಳೂರಿನ ಪಿಎಫ್ ಆಫೀಸಿಗೆ ಹೋದೆ. ಅಲ್ಲಿನ ಮೇಡಂ ಬಯಲುಸೀಮೆಯಿಂದ ಹೊಸದಾಗಿ ಬಂದವರು.

"ರೈಟರ್ ಅಂತಿದೆ! ಏನು ಬರೀತೀರಿ ಸರ್?"

"ಹಾಜರಿ, ಮೇಡಂ."

"ಹೆಸರು ಚೆನ್ನಾಗಿದೆ. ಕಾದಂಬರಿನಾ?"

ಅವರು ಎದ್ದು ಕುರ್ಚಿ ಕೊಟ್ಟಾಗಿತ್ತು. ಕೆಲಸ ಹೋದ ಮೇಲೆ ನನ್ನನ್ನು ಸರ್ ಅಂದವರು ಅವರೊಬ್ಬರೇ. ಅಲ್ಲ ಅನ್ನಲು ಮನಸ್ಸು ಬರಲಿಲ್ಲ.

"ಹೌದು. ದಿನಾ ಒಂದು ಪುಟ."

"ಮುಗೀತಾ?"

"ಮುಗೀತು ಮೇಡಂ. ತೋಟ ಮಾರಿದ್ರು."

ಗ್ಯಾಸ್ ಬಂತು

ಮೇಡಂ ಹೆಸರು ತಿದ್ದಿಕೊಟ್ಟ ಕೆಲವು ದಿನಕ್ಕೆ, ಒಂದು ಸಂಜೆ ಖಾಲಿ ಬುತ್ತಿ ಹಿಡಿದು, ಸುಸ್ತಾದವನ ಹಾಗೆ ಮುಖ ಮಾಡಿಕೊಂಡು ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ಹೇಳಿದಳು, "ಗ್ಯಾಸ್ ಬಂತು ಮಾರಾಯ್ರೆ."

"ಹೌದಾ? ಸಿಲಿಂಡರ್ ಒಳಗಿಟ್ಯಾ?"

"ಅದು ಒಳಗಿಡೋ ಗ್ಯಾಸ್ ಅಲ್ಲ." ಫೋನ್ ಮುಂದೆ ಹಿಡಿದಳು. ಪಿಎಫ್ ಹಣ ಜಮಾ ಆಗಿದೆ ಅಂತ ಮೆಸೇಜು.

ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. "ಯಾವಾಗ ಗೊತ್ತಾಯ್ತು?" ಅಂದೆ.

"ಪಾರ್ಚ್‌ಮೆಂಟ್ ದಿನವೇ ಅನುಮಾನ ಬಂತು. ಓಟಿಪಿ ಜೊತೆ ಪಿಎಫ್ ಅಂತಲೂ ಬರ್ದಿರ್ತಾರೆ. ನಂಗೆ ಅಷ್ಟು ಓದಕ್ಕೆ ಬರಲ್ವಾ?"

"ಮತ್ತೆ ದಿನಾ ಬುತ್ತಿ ಯಾಕೆ ಕಟ್ಟಿದೆ?"

"ನೀವು ಹೊರಡ್ತಿದ್ರಲ್ಲ. ಉಪವಾಸ ಕಳಿಸ್ಲಾ? ಹೇಳಿದ್ರೆ ಮನೇಲೇ ಬಿಸಿಬಿಸಿ ಉಣ್ಬಹುದಿತ್ತು."

ಕಣ್ಣಲ್ಲಿ ನೀರು ಬಂತು. ಅವಳು ಬುತ್ತಿಯನ್ನು ಕೈಯಿಂದ ತೆಗೆದುಕೊಂಡು ಒಳಗೆ ಹೋದಳು, ಅಡುಗೆಮನೆಯಿಂದಲೇ ಕೂಗಿದಳು:

"ಅಳೋದು ಆಮೇಲೆ. ಈಗ ನಿಜವಾಗ್ಲೂ ಗ್ಯಾಸ್ ಮುಗ್ದಿದೆ, ಬುಕ್ ಮಾಡಿ. ಓಟಿಪಿ ನಾನೇ ಹೇಳ್ತೀನಿ!"