ಬೀಳಲಿ ಎಂದು ಬೇಡುವ ಮಾವ

ಷೇರುಪೇಟೆ ಬಿದ್ದ ದಿನ ಮನೆಯಲ್ಲಿ ಹೋಳಿಗೆ ಮಾಡಿಸುವ ಮನುಷ್ಯ ಇಡೀ ಶಿಕಾರಿಪುರದಲ್ಲಿ ಒಬ್ಬರೇ ಇರೋದು. ನನ್ನ ಪುಣ್ಯಕ್ಕೆ ಅವರು ನನ್ನ ಸೋದರಮಾವ!

ಷೇರು ಏರಲಿ ಅಂತ ಕೊಳ್ಳುವವರನ್ನು ನೀವು ಕಂಡಿದ್ದೀರಿ. ಮಾವನದು ಉಲ್ಟಾ. ಕೈಯಲ್ಲಿಲ್ಲದ ಷೇರನ್ನು ವಾಯಿದೆಯ ಮೇಲೆ ಮೊದಲು ಮಾರುತ್ತಾರೆ, ಬೆಲೆ ಬಿದ್ದ ಮೇಲೆ ಕೊಂಡು ಚುಕ್ತಾ ಮಾಡುತ್ತಾರೆ. ನಡುವಿನದು ಲಾಭ. ಏರಿಬಿಟ್ಟರೆ? ಆ ದಿನ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುವುದಿಲ್ಲ.

ಷೇರು ಆರಿಸುವ ವಿದ್ಯೆ ಅವರಿಗೆ ಬಂದದ್ದು ದನದ ಸಂತೆಯಲ್ಲಿ. ವಯಸ್ಸಿನಲ್ಲಿ ಎತ್ತಿನ ದಲ್ಲಾಳಿಯಾಗಿದ್ದರು. "ನೋಡೋ, ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಝೂಲ ಎಲ್ಲಾ ಐತಿ ಅಂದ್ರೆ ಮೊದ್ಲು ಕಾಲು ನೋಡ್ಬೇಕು. ಕುಂಟೋ ಎತ್ತಿಗೇ ಅಷ್ಟೊಂದು ಸಿಂಗಾರ ಮಾಡಿರ್ತಾರೆ!" ಹಾಗೇ, ಪೇಟೆಯೆಲ್ಲ ಕುಸಿಯುವಾಗ ಯಾವ ಕಂಪನಿ ಇನ್ನೂ ಸೆಟೆದು ನಿಂತಿದೆಯೋ, ಯಾವುದರ ಲಾಭ ಹಿಡಿ ಅವಲಕ್ಕಿಯಷ್ಟಿದ್ದು ಬೆಲೆ ಮೂಟೆ ಬಾಸುಮತಿಯಷ್ಟಿದೆಯೋ, ಯಾವುದರ ಮಾಲೀಕ ಟಿವಿಯಲ್ಲಿ ಜಾಸ್ತಿ ಹಲ್ಲು ಕಿರಿಯುತ್ತಾನೋ, ಅದರ ಮೇಲೆ ಮಾವನ ಕಣ್ಣು.

ಈ ಚಾಳಿ ಪೇಟೆಗಷ್ಟೇ ನಿಲ್ಲಬೇಕಲ್ಲ! ಸೊರಬದಲ್ಲಿ ಅತ್ತೆಯ ತವರಿನ ಮದುವೆ. ಸೂಟು, ಕೂಲಿಂಗ್ ಗ್ಲಾಸು, ಎರಡೆಳೆ ಸರ ಹಾಕಿಕೊಂಡು ಬಂದ ಮದುಮಗನನ್ನು ನೋಡಿ ಮಾವ ಗಟ್ಟಿಯಾಗಿ, "ಇದ್ಯಾಕೋ ಬೆಲೆ ಜಾಸ್ತಿ ಆತು. ಕಾಲು ನೋಡಿದ್ರೇನ್ರೀ?" ಎಂದುಬಿಟ್ಟರು. ಗಂಡಿನ ಕಡೆಯವರೆಲ್ಲ ತಿರುಗಿದರು. "ಕುರ್ಚಿದು ಕಣ್ರೀ, ಬಾಡಿಗೆ ಕುರ್ಚಿದು!" ಅಂತ ಅತ್ತೆ ಅವರನ್ನು ಊಟದ ಹಾಲಿಗೆ ಎಳೆದೊಯ್ದರು.

ಕಳೆದ ಸಲ ಪೇಟೆ ಇಳಿಯತೊಡಗಿದಾಗ ಮಾವ ಅಂಥದ್ದೇ ಒಂದು ಸಿಂಗಾರದ ಕಂಪನಿಯನ್ನು ಹಿಡಿದು, ಅದರ ಷೇರು ಮಾರಿ ಕೂತರು. ಉಳಿದದ್ದೆಲ್ಲ ಬಿತ್ತು, ಅದೊಂದು ಬೀಳಲೊಲ್ಲದು, ಏರುತ್ತಲೇ ಹೋಯಿತು! ದಿನಾ ಬೆಳಿಗ್ಗೆ ಗಣಪತಿ ಮುಂದೆ ನಿಂತು, "ಬೀಳಿಸಪ್ಪಾ ತಂದೆ."

"ದೇವರ ಹತ್ರ ಯಾರಾದ್ರೂ ಬೀಳ್ಲಿ ಅಂತ ಕೇಳ್ತಾರೇನ್ರೀ?" ಅತ್ತೆ ಬೈಯುತ್ತಲೇ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು.

ಅಷ್ಟರಲ್ಲಿ ಅತ್ತೆಗೆ ಆಗಾಗ ಬರುತ್ತಿದ್ದ ಎದೆನೋವು ಜೋರಾಯಿತು. ಶಿವಮೊಗ್ಗದಲ್ಲಿ ಹೃದಯದ ಆಪರೇಷನ್. ಡಾಕ್ಟರು ಪೂರ್ತಿ ಭರವಸೆ ಕೊಟ್ಟಿರಲಿಲ್ಲ. ಅತ್ತೆಯನ್ನು ಒಳಗೆ ಕರೆದೊಯ್ದ ಸ್ವಲ್ಪ ಹೊತ್ತಿಗೆ ನನ್ನ ಮೊಬೈಲಿನಲ್ಲಿ ನೋಡಿದರೆ, ಆ ಷೇರು ದೊಪ್ಪನೆ ಬಿದ್ದಿದೆ!

"ಮಾವ, ಬಿತ್ತು! ಕೊನೆಗೂ ಬಿತ್ತು!"

"ನಾನು ಪೇಟೆ ತೆಗೀತಿದ್ದಂಗೇ ನಷ್ಟಕ್ಕೆ ಕೊಂಡು ಮುಗಿಸಿಬಿಟ್ಟೆ ಕಣೋ."

"ಅಯ್ಯೋ, ಯಾಕೆ?"

"ಗಣಪತಿ ಹತ್ರ ಇವತ್ತು ಬೇರೆ ಕೇಳೋದಿತ್ತು. ದಿನಾ ಬೀಳಿಸು ಬೀಳಿಸು ಅಂತಿದ್ದೋನು ಇವತ್ತು ಉಳಿಸು ಅಂದ್ರೆ, ಅವನಿಗೆ ಗೊಂದಲ ಆಗಬಾರದಲ್ಲ."

ನಗಲು ಹೋದೆ, ಅಳು ಬಂತು.

ಮರುದಿನ ಮಾತಾಡುವಂತಾದ ಅತ್ತೆ ಮೊದಲು ಕೇಳಿದ್ದೇ, "ನಿಮ್ದು ಬಿತ್ತೇನ್ರೀ?"

ಮಾವ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇಲ್ಲ ಕಣೇ," ಅಂದರು, "ಏನೂ ಬೀಳಲಿಲ್ಲ."