ವಾದಿರಾಜನ ಬಲಗೈ

ತೊಂದರೆಗೆಲ್ಲ ಕಾರಣ ವಾದಿರಾಜನ ಬಲಗೈ. ಯಾರಾದರೂ "ಅದು ಕಾಣ್ತಾನೇ ಇದೆಯಲ್ಲ" ಎಂದರೆ ಸಾಕು, ಟೋಲ್ ಗೇಟಿನ ಕಂಬಿಯಂತೆ ತಾನಾಗಿ ಮೇಲೆದ್ದುಬಿಡುತ್ತಿತ್ತು.

ಇದು ಹುಟ್ಟಿನಿಂದ ಬಂದದ್ದಲ್ಲ. ತುಮಕೂರಿನ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದವನು ಕೆಲವು ವರ್ಷಗಳ ಹಿಂದೆ ರಜೆ ಹಾಕಿ, ಒಂದು ಗಣಿತ ಸಂಶೋಧನಾ ಸಂಸ್ಥೆಯಲ್ಲಿ ವರ್ಷವಿದ್ದು ಬಂದಿದ್ದ. ಅಲ್ಲಿ ಮರದ ಕೆಳಗೂ ಕರಿಹಲಗೆ. ಟೀ ಹೊತ್ತಿಗೆ ಎಲ್ಲರೂ ಅದರ ಮುಂದೆ ಸೇರುವರು. ಬರೆಯುತ್ತಿದ್ದವರು "ಇದು ಕಾಣ್ತಾನೇ ಇದೆ" ಎಂದು ಮುಂದೆ ಹೋದರೆ ಯಾರಾದರೂ ಕೈ ಎತ್ತಿ "ನನಗೆ ಕಾಣಲಿಲ್ಲ" ಎನ್ನಬೇಕು. ತಪ್ಪುಗಳೆಲ್ಲ ಅಡಗಿ ಕೂರುವುದು ಆ ಮಾತಿನ ಹಿಂದೆಯೇ ಎಂದು ಅಲ್ಲಿಯವರ ನಂಬಿಕೆ. ಮೊದಲ ದಿನವೇ ತಲೆ ನರೆತ ದೊಡ್ಡ ಪ್ರೊಫೆಸರೊಬ್ಬರು ಎಳೆಯ ವಿದ್ಯಾರ್ಥಿನಿಯ ಮುಂದೆ ಕೈ ಎತ್ತಿ, "ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಮ್ಮ" ಎಂದಾಗ ವಾದಿರಾಜನ ಬಿಸ್ಕತ್ತು ಟೀಯೊಳಗೆ ಬಿದ್ದು ಕರಗಿಹೋಗಿತ್ತು. ಅದರ ಜೊತೆಗೆ ಅವನ ಮೇಷ್ಟ್ರಗಿರಿಯೂ.

ಅದಕ್ಕೆ ಮೊದಲು ಅರೆಗಣ್ಣು ಮುಚ್ಚಿ ನೋಟ್ಸ್ ಬರೆಸುತ್ತಿದ್ದವನು, ವಾಪಸ್ ಬಂದ ಮೇಲೆ "ಇದು ನನಗೂ ಗೊತ್ತಿಲ್ಲ, ನೋಡೋಣ ಬನ್ನಿ" ಎನ್ನತೊಡಗಿದ. ಕೋರದಿಂದ ಬಸ್ಸಿನಲ್ಲಿ ಬರುವ, ಹಿಂದಿನ ಬೆಂಚು ಬಿಟ್ಟೇಳದ ಹುಡುಗಿಯರು ಬೋರ್ಡಿಗೆ ಬಂದು ಅವನ ತಪ್ಪನ್ನೇ ತಿದ್ದಿದರು. ಗಂಟೆ ಹೊಡೆದರೂ ತರಗತಿ ಏಳುತ್ತಿರಲಿಲ್ಲ. ಹೆಂಡತಿ ರಂಜನಿಯ ತಂಗಿ ಅಮೂಲ್ಯಾ ಅವರ ಮನೆಯಲ್ಲೇ ಇದ್ದಳು. ಅವಳಿಗೂ ಆ ಗಾಳಿ ತಗುಲಿ, ಹಿರೇಹಳ್ಳಿಯ ಕಾರ್ಖಾನೆಯಲ್ಲಿ "ಚೆನ್ನಾಗೇ ಇದೆ ಬಿಡಿ ಮೇಡಂ" ಎಂದು ಬಂದ ಮಾಲನ್ನೆಲ್ಲ ಅಳೆದು ವಾಪಸ್ ಕಳಿಸಿ ಹೆಸರು ಮಾಡಿದ್ದಳು.

ಆದರೆ ಶೆಟ್ಟಿಹಳ್ಳಿಯ ಅವರ ನಡುಮನೆಯಲ್ಲಿ ಈ ಕೈ ಅಮೂಲ್ಯಾಳಿಗೆ ಬಂದ ಎರಡು ಸಂಬಂಧ ಮುರಿದಿತ್ತು. ಇಂದು ಗುಬ್ಬಿಯಿಂದ ಅಮೂಲ್ಯಾಳನ್ನು ನೋಡಲು ಮೂರನೆಯವರು ಬರುವವರಿದ್ದರು. ಮೇ ತಿಂಗಳಿಗೆ ಸಂಸ್ಥೆ ವಾದಿರಾಜನನ್ನು ಮತ್ತೆ ಕರೆದಿತ್ತು; ರಂಜನಿ ಇನ್ನೂ ಹೂಂ ಅಂದಿರಲಿಲ್ಲ. ಬೆಳಿಗ್ಗೆ ಕಾಫಿ ಕೊಡುತ್ತಲೇ ಹೇಳಿದಳು.

"ನೋಡಿ, ಇವತ್ತು ಕೈ ಬಾಯಿ ಎರಡೂ ಕಟ್ಕೊಂಡು ಕೂತ್ಕೊಳಿ. ಈ ಸಂಬಂಧ ಕೂಡಿ ಬಂದ್ರೆ ಮೇ ತಿಂಗಳ ಮಾತು. ಇಲ್ದಿದ್ರೆ ಅದನ್ನ ಎತ್ಲೇಬೇಡಿ."

ವಾದಿರಾಜ ಒಪ್ಪಿದ. ಮರದ ಕೆಳಗಿನ ಹಲಗೆ ಕಣ್ಣಮುಂದೆ ಬಂತು.

ಅಷ್ಟರಲ್ಲಿ ಈ ಸಂಬಂಧ ತಂದ ಪಕ್ಕದ ಮನೆಯ ರಾಧಮ್ಮ ಒಳಬಂದರು. ಹುಡುಗ ಅಪ್ಪಟ ಚಿನ್ನ, ಮುಖ ನೋಡಿದರೇ ಕಾಣುತ್ತದೆ ಎಂದರು. ಕೈ ಎದ್ದಿತು. ಎಷ್ಟು ಸಲ ನೋಡಿದ್ದೀರಿ ಎಂದು ಕೇಳಿಯೂ ಬಿಟ್ಟ. ವಿಚಾರಿಸಲಾಗಿ, ಒಂದೇ ಸಲ. ಅದೂ ಮದುವೆಯ ಊಟದ ಪಂಕ್ತಿಯಲ್ಲಿ, ಬೆನ್ನ ಕಡೆಯಿಂದ.

ರಾಧಮ್ಮನ ಮುಖ ಹಳಸಿದ ಹುಳಿಯಂತಾಯಿತು. ಆದರೆ ಆ ಕೈಗೆ ಮದ್ದನ್ನೂ ಅವರೇ ಕಂಡುಹಿಡಿದರು. ಸಂಜೆ ಗುಬ್ಬಿಯವರು ಬಂದಾಗ ತಟ್ಟೆ ತುಂಬ ಕೊಬ್ಬರಿ ಮಿಠಾಯಿ ಹಿಡಿದು ಅವನ ಬಲಕ್ಕೇ ಕುಳಿತರು.

ಹುಡುಗ ವಿಷ್ಣು ಗುಬ್ಬಿಯ ಕಾಲೇಜಿನಲ್ಲಿ ಮೇಷ್ಟ್ರು. ತಲೆ ತಗ್ಗಿಸಿ ಕುಳಿತಿದ್ದ. ಮಾತೆಲ್ಲ ಅವನ ಸೋದರಮಾವ ಸೀತಾರಾಮಯ್ಯನವರದು. ನಮ್ಮ ಹುಡುಗನಿಗೆ ಕೋಪವೆಂದರೇನೆಂದೇ ಗೊತ್ತಿಲ್ಲ ಎಂದರು. ಕೈ ಎದ್ದಿತು, ರಾಧಮ್ಮ ಅದರಲ್ಲೊಂದು ಮಿಠಾಯಿ ಇಟ್ಟರು. ನಮ್ಮ ಮನೆಗೆ ಬಂದ ಸೊಸೆಯರೆಲ್ಲ ಸುಖವಾಗಿದ್ದಾರೆ ಎಂದರು, ಇನ್ನೊಂದು. ವಾದಿರಾಜನ ಕೆನ್ನೆಗಳು ಕಡುಬಿನಂತೆ ಉಬ್ಬಿದವು.

"ಇನ್ನೇನು, ಹುಡುಗ ಒಪ್ಪಿದ ಹಾಗೇ," ಎಂದರು ಸೀತಾರಾಮಯ್ಯ. "ಕಾಣ್ತಾನೇ ಇದೆಯಲ್ಲ."

ಕೈ ಎದ್ದಿತು. ರಾಧಮ್ಮ ಮಿಠಾಯಿ ಇಡಲು ಹೋದರು. ವಾದಿರಾಜನ ಕೈ ತೊಡೆಯ ಮೇಲೇ ಇತ್ತು. ಎದ್ದದ್ದು ಹುಡುಗನ ಕೈ.

"ಹೇಗೆ ಕಾಣ್ತಿದೆ ಮಾವ?" ವಿಷ್ಣು ಮೆಲ್ಲಗೆ ಕೇಳಿದ. "ನಾನಿನ್ನೂ ಅವರ ಹತ್ರ ಒಂದು ಮಾತೂ ಆಡಿಲ್ಲ."

ಸೀತಾರಾಮಯ್ಯ ಕಣ್ಣಲ್ಲೇ ಚಪ್ಪಲಿ ಹುಡುಕಿದರು. ವಾದಿರಾಜ ಬಾಯಲ್ಲಿದ್ದುದನ್ನು ಒಂದೇ ಗುಟುಕಿಗೆ ನುಂಗಿದ.

"ನೀವು ಯಾವ ವರ್ಷ ಅಲ್ಲಿದ್ರಿ?"

"ಹೋದ ಬೇಸಿಗೆ ಸಾರ್. ಒಂದೇ ತಿಂಗಳು."

"ಆ ಮರ ಇದೆಯಾ?"

"ಇದೆ ಸಾರ್. ಹಲಗೆ ಹೊಸದು."

ಇಬ್ಬರ ಕಣ್ಣಲ್ಲೂ ತವರೂರಿನ ಬಸ್ಸು ಕಂಡವರ ಹೊಳಪು. ಹುಡುಗಿ ನೋಡಲು ಬಂದದ್ದು ಇಬ್ಬರಿಗೂ ಮರೆತೇಹೋಯಿತು. ಕೊನೆಗೆ ಅಮೂಲ್ಯಾಳೇ ಎದ್ದು, ನನಗೂ ಕೇಳುವುದಿದೆ ಬನ್ನಿ ಎಂದು ವಿಷ್ಣುವನ್ನು ತಾರಸಿಗೆ ಕರೆದೊಯ್ದಳು. ಕಾಫಿ ಎರಡು ಸಲ ಬಿಸಿಯಾಗುವಷ್ಟು ಹೊತ್ತು ಇಬ್ಬರೂ ಇಳಿಯಲಿಲ್ಲ.

ಇಳಿದವಳು ಹೇಳಿದಳು: "ಅಕ್ಕ, ನಾನು ಇಷ್ಟ ಆದ್ನಾ ಅಂತ ಕೇಳ್ದೆ. 'ಇನ್ನೂ ಗೊತ್ತಿಲ್ಲ, ತಿಳ್ಕೋಬೇಕು ಅನ್ನಿಸ್ತಿದೆ' ಅಂದ್ರು. ಬಂದೋರಲ್ಲಿ ನಿಜ ಹೇಳಿದ್ದು ಇವರೊಬ್ರೇ. ನನಗೆ ಒಪ್ಗೆ."

ರಾಧಮ್ಮ ಉಳಿದ ಮಿಠಾಯಿ ಎಲ್ಲರಿಗೂ ಹಂಚಿದರು. ವಿಷ್ಣುವೂ ಹೂಂ ಅಂದ; ಮದುವೆ ಜೂನ್ ಮೊದಲ ವಾರಕ್ಕೆ ನಿಶ್ಚಯವಾಯಿತು. ವಿಷ್ಣು ಹಿಂಜರಿಯುತ್ತ, ಸಂಸ್ಥೆ ತನ್ನನ್ನೂ ಮೇ ತಿಂಗಳಿಗೆ ಕರೆದಿದೆ ಎಂದ.

"ಖಂಡಿತ ಹೋಗ್ಬನ್ನಿ," ಎಂದಳು ರಂಜನಿ, ದನಿಯಲ್ಲಿ ಹೆಮ್ಮೆ ತುಂಬಿ. "ಅಲ್ಲಿಗೆ ಹೋದೋರು ಎಂಥ ಮನುಷ್ಯರಾಗಿ ಬರ್ತಾರೆ ಅಂತ ನಮ್ಮನೇಲೇ ನೋಡಿದೀನಿ."

ವಾದಿರಾಜನ ಎದೆ ಉಬ್ಬಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಹೀಗೆ ಹೇಳಿದ್ದು ಇದೇ ಮೊದಲು.

"ಛತ್ರ, ಅಡುಗೆಯೋರು, ಪತ್ರಿಕೆ ಹಂಚೋದು, ಎಲ್ಲ ಇವ್ರು ನೋಡ್ಕೋತಾರೆ," ರಂಜನಿ ಮುಂದುವರಿಸಿದಳು. "ಮೇ ತಿಂಗಳೆಲ್ಲ ಇವ್ರು ಇಲ್ಲೇ ಇರ್ಬೇಕು. ಅದು ಕಾಣ್ತಾನೇ ಇದೆಯಲ್ಲ."

ವಾದಿರಾಜನ ಕೈ ಅರ್ಧ ಎದ್ದಿತು. ರಂಜನಿ ನೋಡಿದಳು. ಕೈ ಹಾಗೆಯೇ ಮುಂದೆ ಹೋಗಿ ತಲೆ ಕೆರೆದು ಕೆಳಗಿಳಿಯಿತು. ಇನ್ನೊಂದು ಕೈಯಾದರೂ ಏಳಬಹುದೆಂದು ಅವನು ಆಸೆಯಿಂದ ಭಾವೀ ಷಡ್ಡಕನ ಕಡೆ ತಿರುಗಿದ.

ವಿಷ್ಣು ಎರಡೂ ಕೈಯಲ್ಲಿ ಕಾಫಿ ಲೋಟವನ್ನು ಭದ್ರವಾಗಿ ಹಿಡಿದು, ಅದರ ತಳದಲ್ಲೇನೋ ಬರೆದಿರುವಂತೆ ನೋಡುತ್ತಿದ್ದ.